ಮುಖ ಕಾಣದ ಕನ್ನಡಿ

ನಾರಿನ್ ಊರಿನ ಟ್ರಾಲಿಬಸ್ಸಿಗೆ ಬುರುಲ್ ಹತ್ತಿದಳೆಂದರೆ ಟಿಕೆಟ್ ತೆಗೆದುಕೊಂಡವರೂ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ತಪಾಸಣೆಯ ಕೆಲಸ ಅವಳಿಗೆ ಯಾರೂ ಕಲಿಸಿದ್ದಲ್ಲ. ನದಿಯ ಪಕ್ಕದಲ್ಲಿ ಉದ್ದಕ್ಕೆ ಕಾಲು ಚಾಚಿಕೊಂಡು ಮಲಗಿದ ಊರು ಅದು; ಹೇಳಿಕೊಳ್ಳುವಂಥದ್ದು ಒಂದೇ ಬೀದಿ, ಆ ಬೀದಿಗೆ ತಂತಿಗೆ ಕೊಂಬು ಸಿಕ್ಕಿಸಿಕೊಂಡು ಓಡುವ ಒಂದೇ ಬಸ್ಸು. ಯಾರು ಎಲ್ಲಿ ಹತ್ತಿದರು, ಯಾರ ಮನೆಯ ಮುಂದೆ ಇಳಿದರು, ಹೋಗುವಾಗ ತುಂಬಿದ್ದ ಚೀಲ ಬರುವಾಗ ಯಾಕೆ ಖಾಲಿ, ಎಲ್ಲವೂ ಅವಳ ಕಣ್ಣಿಗೆ ಬೀಳುತ್ತಿತ್ತು. ಟಿಕೆಟ್ ಇಲ್ಲದವನು ಮುಂಬಾಗಿಲ ಕಡೆ ನೋಡುತ್ತಾ ಹಿಂಬಾಗಿಲಿಗೆ ಸರಿಯುತ್ತಾನೆ ಎಂಬುದನ್ನು ಕೆಲಸಕ್ಕೆ ಸೇರಿದ ಹೊಸದರಲ್ಲೇ ಕಂಡುಕೊಂಡಿದ್ದಳು. ಅಂದಿನಿಂದ ಅವಳು ಹತ್ತುವುದೇ ಹಿಂಬಾಗಿಲಿನಿಂದ.

ಈ ಗುಣ ಪಾಳಿ ಮುಗಿದ ಮೇಲೆ ಬಸ್ಸಿನಲ್ಲೇ ಉಳಿದುಬಿಟ್ಟಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅದು ಅವಳ ಜೊತೆ ಮನೆಗೂ ಬರುತ್ತಿತ್ತು. ಹಾಲಿನವಳ ಕ್ಯಾನಿನಲ್ಲಿ ನೀರು, ಕಟುಕನ ತಕ್ಕಡಿಯ ಮೇಲೆ ಹೆಬ್ಬೆರಳು, ಡಾಕ್ಟರ ಚೀಟಿಯಲ್ಲಿ ಅಂಗಡಿಯವನ ಪಾಲು, ಅವಳು ಕಾಣದ ಮೋಸವಿರಲಿಲ್ಲ. ಮದುವೆಯಾದ ಮಗಳು ಕೋಚ್ಕೋರಿನಿಂದ ಫೋನು ಮಾಡಿ ಚೆನ್ನಾಗಿದ್ದೇನೆ ಎಂದರೆ, "ಏನಾಯ್ತು, ಸರಿಯಾಗಿ ಹೇಳು" ಎನ್ನುವವಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರಿಗೇನು? ಅವರ ಅಪ್ಪ ಉಪ್ಪು ತರುತ್ತೇನೆಂದು ಹೋಗಿ ಇನ್ನೊಂದು ಊರಿನಲ್ಲಿ ಇನ್ನೊಬ್ಬಳ ಜೊತೆ ಸಂಸಾರ ಹೂಡಿರಲಿಲ್ಲ. ಬುರುಲಳ ಅಪ್ಪ ಹೂಡಿದ್ದ. ಕುರಿ ಹುಡುಕಲೆಂದು ಇಟ್ಟುಕೊಂಡಿದ್ದ ಅವನ ದುರ್ಬೀನು ಹಿಡಿದು ಅವಳ ತಾಯಿ ಒಂದು ಇಡೀ ಬೇಸಿಗೆ ಕಣಿವೆಯ ದಾರಿ ಕಾದಳು. ಹುಲ್ಲುಗಾವಲಿನಲ್ಲಿದ್ದ ಎಲ್ಲರಿಗೂ ವಿಷಯ ಗೊತ್ತಿತ್ತು, ಅವಳಿಗೊಬ್ಬಳಿಗೇ ಗೊತ್ತಿರಲಿಲ್ಲ. ಉಪ್ಪಿಗೆ ಅಷ್ಟು ದೂರ ಹೋಗಬೇಕೇ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು, ಆ ತಾಯಿ ಕೇಳಲಿಲ್ಲ. ತಾನು ಮಾತ್ರ ಕೇಳದೆ ಬಿಡುವವಳಲ್ಲ ಎಂದು ಬುರುಲ್ ಲಂಗ ತೊಡುವ ವಯಸ್ಸಿನಲ್ಲೇ ಹಲ್ಲು ಕಚ್ಚಿ ನಿಶ್ಚಯಿಸಿಕೊಂಡಿದ್ದಳು.

ಇಂಥವಳಿಗೆ ಗಂಟುಬಿದ್ದ ಗಂಡ ಶಾರ್ಷೆನ್. ನೀರು ಸರಬರಾಜಿನ ಪಂಪುಮನೆಯಲ್ಲಿ ಮೆಕ್ಯಾನಿಕ್ಕು. ಕೆಲಸ ಮುಗಿದರೆ ಮನೆ, ಮನೆಯಲ್ಲಿ ಟೀ, ಟೀಯ ಜೊತೆ ಮೌನ. ಇಪ್ಪತ್ತೈದು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರೂ ಅವನಲ್ಲಿ ಒಂದು ಹುಳುಕು ಸಿಕ್ಕಿರಲಿಲ್ಲ, ಅವಳಿಗೆ ಅದೇ ದೊಡ್ಡ ಅನುಮಾನ.

ಹುಳುಕು ಕೊನೆಗೂ ಸಿಕ್ಕಿತು ಎಂದು ಅವಳಿಗೆ ಅನ್ನಿಸಿದ್ದು ನಕ್ಷತ್ರ ನೋಡುವವರ ಸಂಘದಿಂದ. ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವ ಮುಕಾಶ್ ಮೇಷ್ಟ್ರು ಅದನ್ನು ಕಟ್ಟಿದ್ದರು. ಶಾಲೆಯ ನೆಲಮಾಳಿಗೆಯಲ್ಲಿ, ಬಾಯ್ಲರ್ ಕೋಣೆಯ ಪಕ್ಕದಲ್ಲಿ, ಶನಿವಾರ ಮಧ್ಯಾಹ್ನ ಸೇರುತ್ತಿದ್ದರು. ಯಾವ ಸಂಘಕ್ಕೂ ಸೇರದ ಶಾರ್ಷೆನ್, ಮದುವೆ ಮನೆಗೂ ಎಳೆದುಕೊಂಡು ಹೋಗಬೇಕಾದ ಶಾರ್ಷೆನ್, ಅದಕ್ಕೆ ತಾನಾಗಿ ಸೇರಿದ. ಎರಡು ಚಳಿಗಾಲ ಕಳೆದರೂ ಒಂದು ಶನಿವಾರವೂ ತಪ್ಪಿಸಲಿಲ್ಲ. ಹೋಗುವ ಮುಂಚೆ ತಲೆ ತೊಳೆದುಕೊಳ್ಳುತ್ತಿದ್ದ, ಉಗುರು ಕತ್ತರಿಸುತ್ತಿದ್ದ, ಒಗೆದ ಅಂಗಿ ಕೇಳುತ್ತಿದ್ದ. ಮಗಳ ಮದುವೆಯ ದಿನವೂ ಉಗುರಿನಲ್ಲಿ ಗ್ರೀಸು ಇಟ್ಟುಕೊಂಡು ನಿಂತಿದ್ದ ಮನುಷ್ಯ! ಮರಳಿ ಬರುವಾಗ ಮೈಯೆಲ್ಲ ಪೈನ್ ರಾಳದ ವಾಸನೆ, ಅಂಗಿಯ ತೋಳಿನ ತುದಿಯಲ್ಲಿ ಕೆಂಪು.

"ಏನ್ರೀ ಇದು ಕೆಂಪು?" ಎಂದು ಒಂದು ದಿನ ಬೋರ್ಸೊಕ್ ಹಿಟ್ಟಿನ ತುಂಡುಗಳನ್ನು ಕರಿಯುತ್ತಾ ಕೇಳಿದಳು.

"ಪುಡಿ."

"ಯಾವ ಪುಡಿ?"

"ಕನ್ನಡಿ ಉಜ್ಜೋ ಪುಡಿ. ಸಂಘದಲ್ಲಿ ಕನ್ನಡಿ ಮಾಡ್ತಾ ಇದ್ದೀವಲ್ಲ."

"ನಕ್ಷತ್ರ ನೋಡೋರಿಗೆ ಕನ್ನಡಿ ಯಾಕೆ? ನಕ್ಷತ್ರಗಳು ಕೆಳಗಿಳಿದು ಬಂದು ತಲೆ ಬಾಚ್ಕೋತಾವಾ?"

"ದೊಡ್ಡ ದುರ್ಬೀನಿನ ತಳದಲ್ಲಿ ಕನ್ನಡಿ ಇರುತ್ತೆ ಕಣೆ. ಬೆಳಕು ಹಿಡಿಯೋಕೆ."

"ದುರ್ಬೀನಲ್ಲಿ ಇರೋದು ಗಾಜು. ನನಗೇ ಹೇಳ್ಬೇಡಿ, ನಾನು ದುರ್ಬೀನು ನೋಡ್ಕೊಂಡೇ ಬೆಳೆದವಳು. ಎರಡು ಚಳಿಗಾಲ ಉಜ್ಜಿದ್ರೂ ಮುಗೀದ ಕನ್ನಡಿ! ಬಜಾರಲ್ಲಿ ಸಿಗಲ್ವಾ?"

"ಅಂಥದ್ದು ಸಿಗಲ್ಲ."

"ಹೋಗಲಿ, ಮಧ್ಯಾಹ್ನ ಹೋಗ್ತೀರಲ್ಲ, ಹಗಲು ಹೊತ್ತಲ್ಲಿ ಯಾವ ನಕ್ಷತ್ರ ನೋಡ್ತೀರಿ?"

ಶಾರ್ಷೆನ್ ಟೀ ಬಟ್ಟಲಿನಿಂದ ತಲೆಯೆತ್ತಿ ಶಾಂತವಾಗಿ ಹೇಳಿದ: "ಸೂರ್ಯನೂ ನಕ್ಷತ್ರಾನೇ."

ಬುರುಲ್ ಬಾಣಲೆಯನ್ನು ಒಲೆಯಿಂದ ಇಳಿಸಿಬಿಟ್ಟಳು. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವರ ಬಾಯಿಂದ ಅವಳು ಎಷ್ಟೋ ಸುಳ್ಳು ಕೇಳಿದ್ದಳು, ಸತ್ತ ಅಜ್ಜಿಯನ್ನು ನಾಲ್ಕು ಸಲ ಸಾಯಿಸಿದವರನ್ನು ಕಂಡಿದ್ದಳು. ಇಷ್ಟು ದೊಡ್ಡ ಸುಳ್ಳನ್ನು ಇಷ್ಟು ತಣ್ಣಗೆ ಹೇಳಿದವನನ್ನು ಕಂಡಿರಲಿಲ್ಲ. ನಿಮಗೆ ಹಗಲಲ್ಲೇ ನಕ್ಷತ್ರ ತೋರಿಸುತ್ತೇನೆ ಇರಿ, ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಸುಳ್ಳು ಸಿಕ್ಕ ಮೇಲೆ ಹೆಂಗಸು ಸಿಗುವುದು ತಡವೇ? ಸಂಘದಲ್ಲಿ ಇದ್ದ ಒಬ್ಬಳೇ ಹೆಂಗಸು ನಾರ್ಕುಲ್. ಸೇತುವೆಯ ಬಳಿ ಔಷಧಿ ಅಂಗಡಿಯಲ್ಲಿ ಕೆಲಸ. ಗಂಡನನ್ನು ಬಿಟ್ಟವಳು, ಕೂದಲು ಕತ್ತರಿಸಿಕೊಂಡವಳು, ಬೀದಿಯ ಆ ತುದಿಗೆ ಕೇಳುವಂತೆ ನಗುವವಳು. ಒಂದು ಶನಿವಾರ ಅವಳು ಬಸ್ಸಿನಲ್ಲಿ ಟಿಕೆಟ್ ಚಾಚಿದಾಗ ಬುರುಲ್ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಅದೇ ಕೆಂಪು, ಕೋಟಿನಿಂದ ಅದೇ ರಾಳದ ವಾಸನೆ. ಟಿಕೆಟ್ ಸರಿಯಾಗಿತ್ತು, ಏನೂ ಮಾಡುವಂತಿರಲಿಲ್ಲ.

ಬಜಾರಿನ ನಿಲ್ದಾಣದಲ್ಲಿ ಕುರುತ್ ಮಾರುವ ಸೋನುನ್ ಅವಳ ಬಾಲ್ಯದ ಗೆಳತಿ. ಹುಳಿ ಮೊಸರಿನ ಆ ಒಣಗಿದ ಉಂಡೆಗಳ ಹಾಗೇ ಅವಳ ಮಾತೂ ಗಟ್ಟಿ.

"ಗಂಡಸು ಐವತ್ತು ದಾಟಿದ ಮೇಲೆ ಉಗುರು ಕತ್ತರಿಸ್ಕೊಂಡ ಅಂದ್ರೆ ಎರಡೇ ಕಾರಣ ಕಣೇ. ಒಂದು ಆಸ್ಪತ್ರೆಗೆ ಹೋಗ್ತಿರ್ಬೇಕು. ನಿಮ್ಮನೆಯವನಿಗೆ ಕಾಯಿಲೆ ಏನಾದ್ರೂ?"

"ಕಲ್ಲುಗುಂಡು ಇದ್ದಹಾಗಿದ್ದಾರೆ."

"ಹಾಗಾದ್ರೆ ಎರಡನೇದೇ," ಎಂದು ಸೋನುನ್ ನಿಟ್ಟುಸಿರುಬಿಟ್ಟಳು. "ಮನೇಲಿ ಗುರ್ ಅಂದು ಪ್ರಯೋಜನ ಇಲ್ಲ, ಹೋಗಿ ಕಣ್ಣಾರೆ ನೋಡು."

ಬೆಂಕಿಗೆ ತುಪ್ಪ ಸುರಿಯಲು ಇಂಥ ಗೆಳತಿಯೊಬ್ಬಳಿದ್ದರೆ ಸಾಕು. ಅವತ್ತು ಬುರುಲ್ ಒಂದು ತೀರ್ಮಾನಕ್ಕೆ ಬಂದಳು. ಕಣ್ಣಾರೆ ಕಂಡಮೇಲೆ ಒಂದು ದಿನವೂ ಕಾಯುವುದಿಲ್ಲ, ಹಾಸಿಗೆ ಸುತ್ತಿ ಅಂಗಳಕ್ಕೆ ಹಾಕುವುದೇ. ತಾಯಿಯ ಹಾಗೆ ದಾರಿ ನೋಡುತ್ತಾ ಕೂರುವುದು ಮಾತ್ರ ತನ್ನಿಂದಾಗದು.

ಬುಧವಾರ ಪಾಳಿ ಮುಗಿಸಿಕೊಂಡು ನೇರ ಶಾಲೆಗೆ ಹೋದಳು. ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಪಂಪುಮನೆ ನೋಡಿದ್ದಳು; ಶಾರ್ಷೆನ್ ಮೋಟಾರು ಬಿಚ್ಚಿ ಹರವಿಕೊಂಡು ಕುಳಿತಿದ್ದ, ಸಂಜೆಯವರೆಗೆ ಏಳುವ ಹಾಗಿರಲಿಲ್ಲ. ನೆಲಮಾಳಿಗೆಗೆ ಎರಡು ಬಾಗಿಲು. ಎದುರಿನದಕ್ಕೆ ಸಂಘದ ಬೀಗ. ಕೀಲಿ ಒಂದೊಂದು ವಾರ ಒಬ್ಬೊಬ್ಬರ ಬಳಿ, ಆ ವಾರ ನಾರ್ಕುಲಳ ಸರದಿ. ಇನ್ನೊಂದು ಬಾಗಿಲು ಬಾಯ್ಲರ್ ಕೋಣೆಯಿಂದ, ಕಲ್ಲಿದ್ದಲು ರಾಶಿಯ ಹಿಂದೆ. ಅದಕ್ಕೆ ಬೀಗವಿಲ್ಲ ಎಂಬುದನ್ನು ಸಂಘದವರು ಮರೆತೇಬಿಟ್ಟಿದ್ದರು. ಬಾಯ್ಲರ್ ನೋಡಿಕೊಳ್ಳುವವನು ಊಟಕ್ಕೆ ಹೋಗಿದ್ದ. ಅವಳು ಬಾಗಿಲು ತಳ್ಳಿ ಒಳಗೆ ಹೋದಳು.

ಕಣ್ಣು ಹೊಂದಿಕೊಂಡ ಮೇಲೆ ಮೊದಲು ಕಂಡದ್ದು ಗೋಡೆಯ ಮೊಳೆಗಳಲ್ಲಿ ನೇತುಬಿಟ್ಟ ನಿಲುವಂಗಿಗಳು. ಒಂದು ಶಾರ್ಷೆನನದು, ಅವಳೇ ಒಗೆದದ್ದು. ಅದಕ್ಕೆ ಒತ್ತಿಕೊಂಡಂತೆ ಇನ್ನೊಂದು, ಸಣ್ಣ ಹೂವಿನದು. ಕೋಣೆಯ ನಡುವೆ ಒಂದು ಕಬ್ಬಿಣದ ಪೀಪಾಯಿ. ಅದರ ಮೇಲಿನ ಮುಚ್ಚಳ ತೆಗೆದರೆ ಕರಿಯ ರಾಳದ ಬಿಲ್ಲೆ. ಚಾಕುವಿನಿಂದ ಚೌಕ ಚೌಕ ಕೊರೆದು, ಮೇಲೆ ರಕ್ತದಂಥ ಕೆಂಪು ಬಳಿದಿತ್ತು. ಮೇಜಿನ ಮೇಲೆ ಬಿಳಿ ಬಟ್ಟೆ ಸುತ್ತಿದ ದುಂಡನೆಯ ಗಾಜು, ರೊಟ್ಟಿಯಷ್ಟು ಅಗಲ, ಇಟ್ಟಿಗೆಯಷ್ಟು ಭಾರ. ಇದೇ ಕನ್ನಡಿ ಇರಬೇಕು. ಎತ್ತಿ ಹಿಡಿದು ಮುಖ ನೋಡಿಕೊಂಡಳು.

ಮುಖ ಕಾಣಲಿಲ್ಲ. ಗಾಜಿನ ಆಚೆಗೆ ತನ್ನ ಬೆರಳುಗಳು ಕಂಡವು, ಮುಖ ಮಾತ್ರ ಇಲ್ಲ. ತಿರುಗಿಸಿದಳು, ಬೆಳಕಿಗೆ ಹಿಡಿದಳು. ಇಲ್ಲ. ಎರಡು ಚಳಿಗಾಲ ಉಜ್ಜಿದ ಕನ್ನಡಿಯಲ್ಲಿ ಮುಖವೇ ಇಲ್ಲ!

ಅಲ್ಲಿಯವರೆಗೆ ಅವಳಿಗೆ ಇದ್ದದ್ದು ಸಿಟ್ಟು. ಈಗ ಭಯ ಸೇರಿಕೊಂಡಿತು. ಕೊರೆದ ರಾಳ, ಕೆಂಪು ಪುಡಿ, ಮುಖವನ್ನು ನುಂಗುವ ಗಾಜು, ಪಕ್ಕಕ್ಕೆ ಪಕ್ಕ ನೇತುಹಾಕಿದ ಬಟ್ಟೆ. ಪುಡಿಗಳ ವಿಷಯ ಔಷಧಿ ಅಂಗಡಿಯವಳಿಗಿಂತ ಯಾರಿಗೆ ಚೆನ್ನಾಗಿ ಗೊತ್ತು? ಇದು ಮಾಟ. ಪಾಪದ ಮನುಷ್ಯನಿಗೆ ಅವಳು ಮಾಟ ಮಾಡಿಸಿದ್ದಾಳೆ. ಹೀಗೆ ಅನ್ನಿಸಿದಾಗ ಬುರುಲಳಿಗೆ ಒಂದು ಬಗೆಯ ಸಮಾಧಾನವೂ ಆಯಿತು, ಅದನ್ನು ಮುಚ್ಚಿಡಬೇಕಾಗಿಲ್ಲ. ಮಾಟವಾದರೆ ಗಂಡನ ತಪ್ಪಿಲ್ಲ. ಹಾಸಿಗೆ ಹೊರಗೆ ಹಾಕುವ ಅಗತ್ಯವಿಲ್ಲ, ಹೊಗೆ ಹಾಕಿದರೆ ಸಾಕು.

ಅರ್ಚಾ ಮರದ ಒಣಗಿದ ಕೊಂಬೆ ಇಲ್ಲದ ಮನೆ ಆ ಊರಿನಲ್ಲಿಲ್ಲ. ಹೆತ್ತ ಮನೆಗೆ, ಹೊಸ ಸೊಸೆಗೆ, ಕಣ್ಣು ಬಿದ್ದ ಕುದುರೆಗೆ, ಎಲ್ಲಕ್ಕೂ ಅದರದೇ ಹೊಗೆ. ಬುರುಲ್ ಮನೆಗೆ ಓಡಿ ಒಂದು ಹಿಡಿ ತಂದಳು. ಬಾಯ್ಲರಿನ ಬಾಯಿಂದ ನಾಲ್ಕು ಕೆಂಡ ಡಬ್ಬಿಯ ಮುಚ್ಚಳಕ್ಕೆ ಹಾಕಿಕೊಂಡು, ಮೇಲೆ ಅರ್ಚಾ ಉದುರಿಸಿ, ಗಾಜಿನ ಸುತ್ತ ಮೂರು ಸಲ, ರಾಳದ ಬಿಲ್ಲೆಯ ಸುತ್ತ ಮೂರು ಸಲ ಸುಳಿಸಿದಳು. "ಅಲಾಸ್, ಅಲಾಸ್, ಇದ್ದಬದ್ದ ಪೀಡೆಯೆಲ್ಲ ತೊಲಗಲಿ." ಒಣಗಿದ ಅರ್ಚಾ ಚಟಪಟ ಸಿಡಿಯಿತು. ಒಂದಿಷ್ಟು ಬೂದಿ, ಕೆಂಡದ ಚೂರು ರಾಳದ ಮೇಲೆ ಬಿದ್ದಿತು. ಬಾಯಿಂದ ಊದಿ, ತಲೆಗೆ ಕಟ್ಟಿದ್ದ ನೀಲಿ ಉಣ್ಣೆಯ ವಸ್ತ್ರದ ಚುಂಗಿನಿಂದ ಒರೆಸಿ, ಎಲ್ಲವನ್ನೂ ಮೊದಲಿದ್ದಂತೆ ಮುಚ್ಚಿಟ್ಟು ಹೊರಬಂದಳು. ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು.

ಮಾರನೆಯ ದಿನವೇ ಶಾರ್ಷೆನ್ ತಾನಾಗಿ ಬಾಯಿಬಿಟ್ಟ: "ಶನಿವಾರ ನೀನೂ ಬಾ. ಮನೆಯವರನ್ನೂ ಕರ್ಕೊಂಡು ಬನ್ನಿ ಅಂದಿದ್ದಾರೆ ಮೇಷ್ಟ್ರು. ಕೊನೇ ಉಜ್ಜಾಟ."

ನೋಡಿದೆಯಾ, ಅರ್ಚಾ ಕೆಲಸ ಮಾಡಿತು ಎಂದುಕೊಂಡು ಬುರುಲ್ ಒಂದು ಬುಟ್ಟಿ ಬೋರ್ಸೊಕ್ ಕರಿದಳು.

ಶನಿವಾರ ಶಾಲೆಯ ಅಂಗಳದಲ್ಲಿ ಬಿಸಿಲು ಚೆನ್ನಾಗಿತ್ತು. ಮುಕಾಶ್ ಮೇಷ್ಟ್ರು ಸಣ್ಣ ದೂರದರ್ಶಕವನ್ನು ಸೂರ್ಯನ ಕಡೆಗೆ ತಿರುಗಿಸಿ, ಹಿಂಬದಿಯಿಂದ ಬಂದ ಬೆಳಕನ್ನು ಬಿಳಿ ರಟ್ಟಿನ ಮೇಲೆ ಬೀಳಿಸಿದ್ದರು. ತಟ್ಟೆಯಂಥ ಸೂರ್ಯ, ಅದರಲ್ಲಿ ಎರಡು ಮೂರು ಕಪ್ಪು ಚುಕ್ಕೆ.

"ಸೂರ್ಯನ ಮೈಮೇಲಿನ ಕಲೆಗಳು," ಎಂದರು ಮೇಷ್ಟ್ರು.

"ರಟ್ಟಿನ ಮೇಲಿನ ಕೊಳೆಯೂ ಇರಬಹುದು," ಎಂದಳು ಬುರುಲ್. ರಟ್ಟನ್ನು ಮೆಲ್ಲಗೆ ಪಕ್ಕಕ್ಕೆ ಜರುಗಿಸಿದಳು. ರಟ್ಟು ಸರಿಯಿತು, ಚುಕ್ಕೆಗಳು ಸೂರ್ಯನ ಮೇಲೆ ಇದ್ದಲ್ಲೇ ಇದ್ದವು. ಕೊಳೆಯಲ್ಲ.

ಮೇಷ್ಟ್ರಿಗೆ ಖುಷಿಯೋ ಖುಷಿ. "ಹೀಗೆ ಅನುಮಾನ ಪಡೋರೇ ನಮಗೆ ಬೇಕಾಗಿರೋದು! ಶಾರ್ಷೆನ್, ಇವರನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?"

ನಾರ್ಕುಲ್ ಗಟ್ಟಿಯಾಗಿ ನಕ್ಕಳು. ಆ ನಗು ಬುರುಲಳಿಗೆ ಹಿಡಿಸಲಿಲ್ಲ.

ಕೆಳಗೆ ನೆಲಮಾಳಿಗೆಯ ಬಾಗಿಲಲ್ಲಿ ಮೇಷ್ಟ್ರು ಎಲ್ಲರ ಕೈ ತಪಾಸಣೆ ಮಾಡಿದರು. ಉಗುರು ಕತ್ತರಿಸಿರಬೇಕು, ತಲೆಗೆ ಬಟ್ಟೆ ಕಟ್ಟಬೇಕು, ಹೊರಗಿನ ಕೋಟು ಹೊರಗೇ. "ಒಂದು ಕಣ ಮರಳು ಬಂದ್ರೂ ಎರಡು ವರ್ಷದ ಕೆಲಸ ಹೋಯ್ತು. ಇಸಿಕ್‌ಕುಲ್ ಸರೋವರದ ಹಳೇ ಹಡಗಿನ ಕಿಟಕಿ ಗಾಜು ಇದು, ಇಂಥದ್ದು ಇನ್ನೊಂದು ಸಿಗಲ್ಲ. ಮೊದಲು ದಪ್ಪ ಮರಳಲ್ಲಿ ಉಜ್ಜಿ ಗುಳಿ ಮಾಡಿದ್ವಿ, ಆಮೇಲೆ ಸಣ್ಣದು, ಆಮೇಲೆ ಇನ್ನೂ ಸಣ್ಣದು. ಈಗ ಹೊಳಪು. ಇದಕ್ಕಿನ್ನೂ ಬೆಳ್ಳಿ ಲೇಪ ಆಗಿಲ್ಲ ನೋಡಿ, ಅದಕ್ಕೇ ಮುಖ ಕಾಣಲ್ಲ. ಸದ್ಯಕ್ಕೆ ಬರೀ ಗಾ‌ಜು."

ಬುರುಲಳ ಕಿವಿ ಬಿಸಿಯಾಯಿತು. ಉಗುರಿನ ವಿಷಯ ಹೀಗೆ. ಮುಖದ ವಿಷಯ ಹೀಗೆ. ಕೆಂಪಿನ ವಿಷಯವೂ ಗಂಡ ಹೇಳಿದಂತೆಯೇ. ಹಾಗಾದರೆ ಬುಧವಾರ ತಾನು ಹೊಗೆ ಹಾಕಿದ್ದು ಯಾತಕ್ಕೆ? ಹೋಗಲಿ ಬಿಡು, ಹೊಗೆಯಿಂದ ಯಾರಿಗೆ ಕೆಡುಕಾಗಿದೆ ಎಂದು ತನಗೆ ತಾನೇ ಹೇಳಿಕೊಂಡಳು.

ಕೊನೆಯ ಉಜ್ಜಾಟದ ಮರ್ಯಾದೆ ಶಾರ್ಷೆನನಿಗೆ ಸಿಕ್ಕಿತು. ರಾಳದ ಬಿಲ್ಲೆಯ ಮೇಲೆ ಕೆಂಪು ನೀರು ಚಿಮುಕಿಸಿ, ಗಾಜನ್ನು ಕವುಚಿ ಇಟ್ಟು, ಎರಡೂ ಅಂಗೈಯಿಂದ ಹಿಂದಕ್ಕೂ ಮುಂದಕ್ಕೂ ತಳ್ಳುತ್ತಾ ಪೀಪಾಯಿಯ ಸುತ್ತ ಒಂದೊಂದೇ ಹೆಜ್ಜೆ ಸರಿದ. ಮನೆಯಲ್ಲಿ ಅವನ ಮುಖದಲ್ಲಿ ಅಂಥ ನೆಮ್ಮದಿಯನ್ನು ಅವಳು ನೋಡಿದ್ದು ಕಡಿಮೆ. ಒಂದು ಸುತ್ತು ಮುಗಿಯುತ್ತಾ ಬಂತು. ಆಗ ಗಾಜಿನ ಅಡಿಯಿಂದ ಕಿರ್ರ್ ಎಂದಿತು.

ಮೇಷ್ಟ್ರು ಗಾಜನ್ನು ಎತ್ತಿ ತೊಳೆದು ದೀಪಕ್ಕೆ ಹಿಡಿದರು. ಈ ಅಂಚಿನಿಂದ ಆ ಅಂಚಿನವರೆಗೆ ಒಂದು ಗೀರು. ರಾಳದ ಬಿಲ್ಲೆಯನ್ನು ಬೆರಳ ತುದಿಯಿಂದ ತಡವಿ ಒಂದು ಕಪ್ಪು ಚೂರು ತೆಗೆದರು.

"ಕಿಟ್ಟ. ಸುಟ್ಟ ಕಲ್ಲಿದ್ದಲ ಕಿಟ್ಟ. ಇದಿಲ್ಲಿಗೆ ಹೇಗೆ ಬಂತು? ಈ ವಾರ ಕೀಲಿ ಯಾರ ಹತ್ರ ಇತ್ತು?"

"ನನ್ನ ಹತ್ರ," ಎಂದಳು ನಾರ್ಕುಲ್. "ಆದ್ರೆ ನಾನು ಬಾಗಿಲೇ ತೆಗೆದಿಲ್ಲ."

"ಬೀಗ ಹಾಕಿದ ಕೋಣೆಗೆ ಕಿಟ್ಟ ನಡ್ಕೊಂಡು ಬಂತಾ? ಒಲೆಗೆ ಕೆಂಡ ತಗೊಳೋಕೆ ಬಂದಿದ್ರಾ? ಯಾರನ್ನಾದ್ರೂ ಕರ್ಕೊಂಡು ಬಂದಿದ್ರಾ?"

"ಮೇಷ್ಟ್ರೇ, ಎರಡು ಚಳಿಗಾಲ ನಾನೂ ಉಜ್ಜಿದ್ದೀನಿ. ನನ್ನ ಗಾಜಿಗೆ ನಾನೇ ಮಣ್ಣು ಹಾಕ್ತೀನಾ?" ಅವಳ ಗಟ್ಟಿ ದನಿ ಒಡೆಯಿತು. ಯಾರೂ ಅವಳ ಕಡೆ ನೋಡಲಿಲ್ಲ. ಎಲ್ಲರೂ ಅವಳನ್ನು ಅನುಮಾನಿಸಲು ಶುರುಮಾಡಿದ್ದರು.

ಬುರುಲ್ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಆ ಚೂರು ಯಾರದೆಂದು ಅವಳಿಗೆ ಗೊತ್ತಿತ್ತು. ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ಹೆದರಿಕೆಯ ಅಡಿಯಲ್ಲಿ ಒಂದು ಸಣ್ಣ ಕೆಟ್ಟ ಸಂತೋಷವೂ ಇತ್ತು: ಅಳಲಿ, ಸ್ವಲ್ಪ ಅಳಲಿ.

ಅಷ್ಟರಲ್ಲಿ ಶಾರ್ಷೆನ್ ರಾಳದ ಬಿಲ್ಲೆಯ ಮೇಲೆ ಬಗ್ಗಿದ. ಮೂಗು ತಾಗುವಷ್ಟು ಬಗ್ಗಿ ಬಹಳ ಹೊತ್ತು ನೋಡಿದ. ಏನನ್ನೋ ಚಿವುಟಿದಂತೆ ಮಾಡಿ, ಮೀಸೆ ಒರೆಸಿಕೊಳ್ಳುವವನ ಹಾಗೆ ಕೈಯನ್ನು ಬಾಯಿಗೆ ಒಯ್ದ. ನೆಟ್ಟಗೆ ನಿಂತು ಹೇಳಿದ:

"ನಾನೇ. ಈ ವಾರ ಬಾಯ್ಲರ್ ಕಡೆ ಬಾಗಿಲಿಂದ ಬಂದಿದ್ದೆ. ಬಟ್ಟೆ ಬದಲಾಯಿಸದೆ ಮುಚ್ಚಳ ತೆಗೆದೆ. ಅವರದೇನೂ ತಪ್ಪಿಲ್ಲ."

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ನಿಲುವಂಗಿ ಅಲ್ಲಿಟ್ಟು ಹೋಗಿ ಶಾರ್ಷೆನ್," ಎಂದರು. "ಇನ್ನು ಈ ಕಡೆ ಬರೋದು ಬೇಡ."

ನಾರ್ಕುಲ್ ಕಣ್ಣೊರೆಸಿಕೊಳ್ಳುತ್ತಾ ಶಾರ್ಷೆನನನ್ನು ನೋಡಿದಳು. ಬುರುಲ್ ಆ ನೋಟವನ್ನು ನೋಡಿದಳು. ಮಾಡದ ತಪ್ಪನ್ನು ಗಂಡಸೊಬ್ಬ ಇನ್ನೊಬ್ಬಳಿಗಾಗಿ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆಂದರೆ ಅದಕ್ಕಿಂತ ಬೇರೆ ಸಾಕ್ಷಿ ಬೇಕೇ? ಬುಟ್ಟಿಯನ್ನು ಅಲ್ಲೇ ಬಿಟ್ಟು ಅವಳು ಒಬ್ಬಳೇ ಮನೆಗೆ ನಡೆದಳು. ಶಾರ್ಷೆನ್ ಹಿಂದಿನಿಂದ ಬಂದು ತಲುಪುವ ಹೊತ್ತಿಗೆ ಅವನ ಹಾಸಿಗೆ, ರಜಾಯಿ, ದಿಂಬು ಅಂಗಳದ ಮಣ್ಣಿನಲ್ಲಿ ಬಿದ್ದಿದ್ದವು.

"ಇದೇನು?" ಎಂದ.

"ನಿಮ್ಮ ಗಂಟು. ಎತ್ಕೊಂಡು ಅವಳ ಮನೆಗೇ ಹೋಗಿ."

"ಯಾರ ಮನೆಗೆ?"

"ನಾಟಕ ಆಡ್ಬೇಡಿ! ಅವಳಿಗೆ ಕಣ್ಣೀರು ಬಂದ ಕೂಡ್ಲೇ ನಿಮ್ಮ ಕರುಳು ಕಿತ್ತು ಬಂತಲ್ಲ. ಎಲ್ಲರ ಮುಂದೆ 'ನಾನೇ, ನಾನೇ' ಅಂತ! ನೀವೆಲ್ಲಿ ಹೋಗಿದ್ರಿ ಆ ಕಡೆ? ಬುಧವಾರ ಇಡೀ ದಿನ ಪಂಪುಮನೇಲಿ ಮೋಟಾರು ಬಿಚ್ಕೊಂಡು ಕೂತಿದ್ರಿ, ನಾನೇ ನೋಡಿದ್ದೀನಿ!"

ಶಾರ್ಷೆನ್ ಮಣ್ಣಿನಲ್ಲಿದ್ದ ಹಾಸಿಗೆಯ ಮೇಲೆ ಕುಳಿತುಕೊಂಡ. ಬೂಟಿನ ದಾರ ಸಡಿಲಿಸಿದ.

"ಬುಧವಾರ ಅಂತ ಅಲ್ಲಿ ಯಾರೂ ಹೇಳಲಿಲ್ವಲ್ಲ," ಎಂದ.

ಎಷ್ಟೋ ವರ್ಷ ಬೇರೆಯವರನ್ನು ಬಸ್ಸಿನಲ್ಲಿ ಹಿಡಿದವಳು ತನ್ನ ಅಂಗಳದಲ್ಲೇ ಸಿಕ್ಕಿಬಿದ್ದಳು. ಅವನ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ, ಸುಸ್ತಿತ್ತು ಅಷ್ಟೇ.

"ರಾಳಕ್ಕೆ ವಾಸನೆ ಬೇಗ ಹಿಡಿಯುತ್ತೆ. ಬಗ್ಗಿ ನೋಡಿದ್ರೆ ಅರ್ಚಾ ವಾಸನೆ ಗಮ್ ಅಂತಿತ್ತು. ನಾರ್ಕುಲಳಿಗೆ ಹೊಗೆ ಅಂದ್ರೆ ಆಗಲ್ಲ, ಕೆಮ್ಮು ಬರುತ್ತೆ. ಆಮೇಲೆ ಒಂದು ನೀಲಿ ಉಣ್ಣೆ ಎಳೆ ಅಂಟ್ಕೊಂಡಿತ್ತು. ಮೇಷ್ಟ್ರು ದೀಪ ತರ್ತಿದ್ರು, ನೋಡಿಬಿಟ್ರೆ ಅಂತ ನುಂಗಿಬಿಟ್ಟೆ."

ಬುರುಲಳ ಕೈ ತಾನಾಗಿ ತಲೆಯ ವಸ್ತ್ರಕ್ಕೆ ಹೋಯಿತು.

"ಗೊತ್ತಿತ್ತು ಅಂದ್ರೆ ನನ್ನನ್ನ ಕೇಳ್ಬೇಕಿತ್ತು!" ಅವಳು ಅದಕ್ಕೂ ರೇಗಿದಳು. "ಅಲ್ಲೇ ಕೇಳ್ಬೇಕಿತ್ತು, 'ನೀನಾ' ಅಂತ."

"ಕೇಳಿದ್ರೆ ಎಲ್ಲರ ಮುಂದೆ ನೀನು ಇಲ್ಲ ಅಂತಿದ್ದೆ. ಇಷ್ಟು ವರ್ಷದಲ್ಲಿ ನನ್ನನ್ನ ಸಾವಿರ ಪ್ರಶ್ನೆ ಕೇಳಿದ್ದೀಯ, ಬೈದಿದ್ದೀಯ. ಸುಳ್ಳು ಮಾತ್ರ ಒಂದೂ ಹೇಳಿಲ್ಲ. ಒಂದು ಗಾಜಿಗೋಸ್ಕರ ನಿನ್ನ ಬಾಯಲ್ಲಿ ಅದನ್ನ ಯಾಕೆ ಹೇಳಿಸ್ಬೇಕು ಅನ್ನಿಸ್ತು."

ಅವಳು ಹೊಸ್ತಿಲ ಮೇಲೆ ಕುಳಿತಳು. ನಾಚಿಕೆಯಾಯಿತು ಎಂದರೆ ಕಡಿಮೆಯಾಗುತ್ತದೆ. ಮೈಯ ಚರ್ಮ ಸುಲಿದಂತಾಯಿತು. ಅವಳು ಎರಡು ಚಳಿಗಾಲ ಸಾಕ್ಷಿಯಿಲ್ಲದೆ ಅವನನ್ನು ದಿನಾ ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲಿಸಿದ್ದಳು. ಅವನ ಕೈಗೆ ಸಾಕ್ಷಿಯೇ ಸಿಕ್ಕಿತ್ತು, ಅವನು ಅದನ್ನು ನುಂಗಿಕೊಂಡಿದ್ದ. ಅವನಿಗೆ ಜಗತ್ತಿನಲ್ಲಿ ಇಷ್ಟವಾದದ್ದು ಒಂದೇ ಜಾಗ, ಅದನ್ನೂ ಕಳೆದುಕೊಂಡು ಬಂದಿದ್ದ. ಅವಳು ಅಳುವವಳಲ್ಲ, ಆವತ್ತು ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಎದ್ದಳು.

"ಎಲ್ಲಿಗೆ?" ಎಂದ ಶಾರ್ಷೆನ್.

"ಶಾಲೆಗೆ. ನೀವೂ ಬನ್ನಿ."

"ಬರಬೇಡ ಅಂದಿದ್ದಾರೆ ನನಗೆ."

"ನಾನು ಬನ್ನಿ ಅಂದೆ."

ನೆಲಮಾಳಿಗೆಯಲ್ಲಿ ಯಾರೂ ಎದ್ದು ಹೋಗಿರಲಿಲ್ಲ. ಸತ್ತವರ ಮನೆಯಲ್ಲಿ ಕುಳಿತಂತೆ ಗಾಜಿನ ಸುತ್ತ ಕುಳಿತಿದ್ದರು. ಬುರುಲ್ ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದಳು:

"ಬುಧವಾರ ಕಲ್ಲಿದ್ದಲ ಕಡೆಯಿಂದ ಬಂದು ಅರ್ಚಾ ಹೊಗೆ ಹಾಕಿದ್ದು ನಾನು. ಕೆಂಡದ ಚೂರು ಬಿದ್ದದ್ದು ನನ್ನ ಕೈಯಿಂದ. ಇವರು ಈ ಕಡೆ ಬಂದೇ ಇರಲಿಲ್ಲ."

"ಹೊಗೆ ಯಾಕಮ್ಮ?" ಎಂದರು ಮೇಷ್ಟ್ರು, ಏನೂ ಅರ್ಥವಾಗದೆ.

"ಮಾಟ ಅಂದ್ಕೊಂಡೆ. ಇವರಿಗೂ ನಮ್ಮನೆಯವರಿಗೂ..." ಎಂದು ನಾರ್ಕುಲಳ ಕಡೆ ಗಲ್ಲದಿಂದ ತೋರಿಸಿದಳು. "ನನಗೆ ಅನುಮಾನ ಇತ್ತು."

ನಾರ್ಕುಲಳ ಮುಖ ಮೊದಲು ಕೆಂಪಾಯಿತು. ಎದ್ದು ನಿಂತಳು, ಹೊಡೆಯುತ್ತಾಳೆಂದೇ ಬುರುಲ್ ಕಾದಳು. ಬದಲಿಗೆ ಅವಳು ಶಾರ್ಷೆನನನ್ನು ನೋಡಿ, ಬುರುಲಳನ್ನು ನೋಡಿ, ಪೀಪಾಯಿ ಹಿಡಿದುಕೊಂಡು ನಗಲು ಶುರುಮಾಡಿದಳು. "ಅಯ್ಯೋ ಎಜೆ, ನನ್ನಕ್ಕಾ! ಈ ಮನುಷ್ಯನ ಜೊತೆಗಾ? ಎರಡು ಚಳಿಗಾಲದಲ್ಲಿ ಇವರು ನನ್ನ ಹತ್ರ ಆಡಿದ್ದು ಎರಡು ಮಾತು. 'ನೀರು ಹಾಕು', 'ಸಾಕು'!" ನಗುನಗುತ್ತಾ ಅವಳ ಕಣ್ಣಲ್ಲಿ ಮತ್ತೆ ನೀರು ಬಂತು. ನಕ್ಕು ಮುಗಿದ ಮೇಲೆ, "ನಿಮ್ಮನ್ನ ನಾನು ಬೇಗ ಕ್ಷಮಿಸಲ್ಲ," ಎಂದಳು.

"ಕ್ಷಮಿಸ್ಬೇಡಿ. ಉಜ್ಜೋದು ಎಲ್ಲಿಂದ ಮತ್ತೆ ಶುರುಮಾಡ್ಬೇಕೋ ಹೇಳಿ."

ಮುಕಾಶ್ ಮೇಷ್ಟ್ರ ಸಿಟ್ಟು ಇನ್ನೂ ಇಳಿದಿರಲಿಲ್ಲ, ಅದಕ್ಕೊಂದು ಜಾಗ ಬೇಕಾಗಿತ್ತು. ಬಾಗಿಲ ಹೊರಗೆ ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದ ಶಾರ್ಷೆನನ ಕಡೆ ತಿರುಗಿದರು.

"ಮತ್ತೆ ನೀವ್ಯಾಕೆ ನಮಗೆ ಸುಳ್ಳು ಹೇಳಿದ್ರಿ? ಈ ಸಂಘದಲ್ಲಿ ಸುಳ್ಳು ಹೇಳೋರ ಜೊತೆ ಹೇಗೆ ಕೆಲಸ ಮಾಡೋದು? ಇದು ಮೊದಲನೇದಾ, ಇನ್ನೂ ಎಷ್ಟು ಹೇಳಿದ್ದೀರೋ!"

ಶಾರ್ಷೆನ್ ತಲೆ ತಗ್ಗಿಸಿದ. ಬುರುಲ್ ಇಬ್ಬರ ನಡುವೆ ಬಂದು ನಿಂತಳು.

"ಇದೇ ಮೊದಲನೇದು ಮೇಷ್ಟ್ರೇ," ಎಂದಳು. "ನನಗೆ ಗೊತ್ತು. ಇಪ್ಪತ್ತೈದು ವರ್ಷ ಹುಡುಕಿದ್ದೀನಿ."